ಕೋಂ ಹೇಳದ ಹೆಸರು

ನನ್ನ ಮೈದುನ ಹೊನ್ನಯ್ಯನ ಮುಖ ನೋಡದವರು ನಮ್ಮ ಗುಬ್ಬಿ ಕಡೆ ಇರಬಹುದು, ದನಿ ಕೇಳದವರು ಇಲ್ಲ. ಆಟೋದ ಮೇಲೆ ಮೈಕು ಕಟ್ಟಿಕೊಂಡು ಹಳ್ಳಿಯಿಂದ ಹಳ್ಳಿಗೆ ಸಾರುತ್ತಾ ಹೋಗುವುದು ಅವನ ಕೆಲಸ. ಯಾರಾದರೂ ತೀರಿಕೊಂಡ ಸುದ್ದಿ, ರೇಷನ್ ಬಂದ ಸುದ್ದಿ, ಕರೆಂಟು ತೆಗೆಯುವ ಸುದ್ದಿ, ಕಳೆದುಹೋದ ಎಮ್ಮೆಯ ಸುದ್ದಿ. ಎಲೆಕ್ಷನ್ ಬಂದರೆ ನಿಂತವರ ಸುದ್ದಿ.

ನಾನು ಹೊಂಗೆಪಾಳ್ಯಕ್ಕೆ ಸೊಸೆಯಾಗಿ ಬಂದಾಗ ಅವನಿನ್ನೂ ಚಡ್ಡಿಯ ಹುಡುಗ. ನಮ್ಮ ಯಜಮಾನರು ಓಬಳಯ್ಯ ತೀರಿಕೊಂಡ ಮೇಲೂ ನಾನು ಅವನ ಮನೆಗೆ ಅಂಟಿಕೊಂಡ ಕೋಣೆಯಲ್ಲಿಯೇ ಇದ್ದೇನೆ. ಹಾಗಾಗಿ ಅವನ ವಿಷಯ ನನಗೆ ಗೊತ್ತಿರುವಷ್ಟು ಅವನ ಹೆಂಡತಿ ಚಿಕ್ಕಮಾರಮ್ಮನಿಗೂ ಗೊತ್ತಿಲ್ಲ.

ನಮ್ಮ ಮಾವ ಕದರಯ್ಯನವರು ತಮಟೆ ಹೊಡೆದು ಸಾರುತ್ತಿದ್ದವರು. ಮೇಲಿನ ಬೀದಿಯಲ್ಲಿ ಸಾವಾದರೆ ಇವರಿಗೆ ಹೇಳಿಕಳಿಸುತ್ತಿದ್ದರು. ಬೀದಿಯ ತುದಿಯಲ್ಲಿ ನಿಂತು ಸಾರಬೇಕು, ಒಳಗೆ ಕಾಲಿಡಬಾರದು. ಹೊನ್ನಯ್ಯ ದೊಡ್ಡವನಾದ ಮೇಲೆ ಮಾವ ತಮಟೆ ಕೊಡಲು ಹೋದರೆ ಅವನು ಕೈಚಾಚಲಿಲ್ಲ. ಮನೆಯಲ್ಲಿ ದೊಡ್ಡ ಜಗಳವಾಯಿತು. ಅವನು ಮನೆ ಬಿಟ್ಟು ಹೋಗಿ ಗುಬ್ಬಿಯ ಒಂದು ಮೈಕಿನ ಅಂಗಡಿಯಲ್ಲಿ ವೈರು ಸುತ್ತುವ ಕೆಲಸಕ್ಕೆ ಸೇರಿಕೊಂಡ. ಅಲ್ಲಿ ಕೂಗುವವನ ಗಂಟಲು ಕಟ್ಟಿದ ಒಂದು ದಿನ ಇವನ ಬಾಯಿಗೆ ಮೈಕು ಬಂತು. ಆಮೇಲೆ ಅದು ಬೇರೆಯವರ ಕೈಗೆ ಹೋಗಲೇ ಇಲ್ಲ. ಅಪ್ಪನ ಕಾಲು ಹೋಗದ ಬೀದಿಯಲ್ಲೆಲ್ಲ ಮಗನ ದನಿ ಹೋಗಿ ಅಡುಗೆಮನೆಯ ತನಕ ನುಗ್ಗಿತು. ಆ ವಿಷಯದಲ್ಲಿ ಅವನಿಗೆ ಒಳಗೊಳಗೇ ಹೆಮ್ಮೆ ಇತ್ತು. ನನಗೂ ಇತ್ತು.

ಶುರುವಿನಲ್ಲೇ ಒಂದು ಎಡವಟ್ಟು ಮಾಡಿಕೊಂಡ. ಪಕ್ಕದ ಹಳ್ಳಿಯಲ್ಲಿ ಲಕ್ಕಮ್ಮ ಎನ್ನುವವರು ತೀರಿಕೊಂಡಿದ್ದರು. ಇವನು "ಲಕ್ಕಮ್ಮನವರು ದೈವಾಧೀನರಾಗಿದ್ದಾರೆ" ಎಂದಷ್ಟೇ ಸಾರಿದ. ಆ ಊರಿನಲ್ಲಿ ಇನ್ನೊಬ್ಬ ಲಕ್ಕಮ್ಮ ಇದ್ದಳು. ಸುದ್ದಿ ಕೇಳಿ ಕುಣಿಗಲ್ ಕಡೆಯ ನೆಂಟರು ಹಾರ ಹಿಡಿದು ಎದೆ ಬಡಿದುಕೊಳ್ಳುತ್ತಾ ಬಂದರೆ ಅವಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮುಂದಿನ ಸಂತೆಯಲ್ಲಿ ಹೊನ್ನಯ್ಯನ ಶರ್ಟು ಹಿಡಿದು ನಿಲ್ಲಿಸಿದಳು.

"ಏನ್ಲಾ ಹೊನ್ನ, ನನ್ನ ಸಾಯಿಸ್ಬುಟ್ಯಂತಲ್ಲೋ! ತಿಥಿ ಯಾವಾಗ ಇಟ್ಕಂಡಿದೀಯ? ನಾನೂ ಬಂದು ಉಂಡ್ಕಂಡ್ ಹೋಗ್ತೀನಿ."

"ತಪ್ಪಾಯ್ತು ಕಣವ್ವ."

"ತಂದಿದ್ದ ಹಾರಾನ ವಾಪಸ್ ಕೊಡ್ನಿಲ್ಲ ಕಣ್ಲಾ ನಾನು. ಚೆನ್ನಾಗಿತ್ತು, ಗಣಪತಿಗೆ ಹಾಕ್ದೆ."

ಸಂತೆಯೆಲ್ಲ ನಕ್ಕಿತು. ಹೊನ್ನಯ್ಯ ಮಾತ್ರ ಅವತ್ತಿನಿಂದ ಒಂದು ಕ್ರಮ ಮಾಡಿಕೊಂಡ. ನಮ್ಮ ಕಡೆ ಪಹಣಿಯಲ್ಲಿ, ಸರ್ಕಾರಿ ಕಾಗದದಲ್ಲಿ ಗಂಡಸಿನ ಹೆಸರಿನ ಮುಂದೆ ಬಿನ್ ಎಂದು ಬರೆದು ಅಪ್ಪನ ಹೆಸರು ಹಾಕುತ್ತಾರೆ, ಹೆಂಗಸಿನ ಹೆಸರಿನ ಮುಂದೆ ಕೋಂ ಎಂದು ಬರೆದು ಗಂಡನ ಹೆಸರು ಹಾಕುತ್ತಾರೆ. ಬಿನ್ ಎಂದರೆ ಇಂಥವರ ಮಗ, ಕೋಂ ಎಂದರೆ ಇಂಥವರ ಹೆಂಡತಿ. ಹೊನ್ನಯ್ಯ ಬಿನ್, ಕೋಂ ಇಲ್ಲದೆ ಯಾರ ಹೆಸರನ್ನೂ ಮೈಕಿನಲ್ಲಿ ಹೇಳುತ್ತಿರಲಿಲ್ಲ. ಚೀಟಿ ಬರೆದುಕೊಂಡು ಬಂದವರು ಅದನ್ನು ಮರೆತಿದ್ದರೆ ವಾಪಸ್ ಕಳಿಸುತ್ತಿದ್ದ. "ಹೆಣ ಮನೇಲಿಟ್ಕಂಡು ಇದೆಂಥದ್ದಯ್ಯ ನಿಂದು" ಎಂದು ಬೈದರೂ ಕೇಳುತ್ತಿರಲಿಲ್ಲ.

ಅವನಿಗೆ ಎರಡು ದನಿ. ಎಲೆಕ್ಷನ್ನಿನಲ್ಲಿ ಬೆಳಗ್ಗೆ ಒಬ್ಬರ ಪರ, ಮಧ್ಯಾಹ್ನ ಅವರ ಎದುರಾಳಿಯ ಪರ ಕೂಗುತ್ತಿದ್ದ. ಅದಕ್ಕೆ ಎಳೆದು ಎಳೆದು ಹಾಡುವ ಒಂದು ದನಿ. "ನಿಮ್ಮ ಮನೆಯ ಮಗ, ಬಡವರ ಬಂಧು" ಎಂದು ಅವನು ಎಳೆದರೆ ಕೇಳಿದವರು ನಗುತ್ತಿದ್ದರು. "ಹೊತ್ತಾರೆ ಇನ್ನೊಬ್ಬ ಬಂಧು ಇದ್ನಲ್ಲೋ ಹೊನ್ನಯ್ಯ, ಎಲ್ಲೋದ?" ಎಂದು ರೇಗಿಸುತ್ತಿದ್ದರು. ಇನ್ನೊಂದು ಸುದ್ದಿ ಹೇಳುವ ದನಿ. ಅದರಲ್ಲಿ ಎಳೆತವಿಲ್ಲ. ಸಾವು, ರೇಷನ್ನು, ಕರೆಂಟು ಎಲ್ಲ ಆ ದನಿಯಲ್ಲೇ. ಹೊಗಳಿಕೆ ಬಾಡಿಗೆಯದು, ಸುದ್ದಿ ಅವನದು ಎಂದು ಜನಕ್ಕೆ ಗೊತ್ತಿತ್ತು. ಹೊಗಳಿಕೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸುದ್ದಿಯ ದನಿ ಬಂದರೆ ಒಲೆಯ ಮುಂದೆ ಕೂತವರೂ ಎದ್ದು ಬಾಗಿಲಿಗೆ ಬರುತ್ತಿದ್ದರು.

ಕೊರೊನಾ ಬಂದ ವರ್ಷ ಆ ದನಿಯೇ ಊರಿಗೆ ಎಲ್ಲ ಆಗಿತ್ತು. ಯಾವ ಬೀದಿಗೆ ಹಗ್ಗ ಕಟ್ಟಿದ್ದಾರೆ, ತರಕಾರಿ ಗಾಡಿ ಎಲ್ಲಿ ನಿಲ್ಲುತ್ತದೆ, ಮಣ್ಣಿಗೆ ಯಾರೂ ಬರಬೇಡಿ, ಎಲ್ಲ ಅವನ ಬಾಯಿಂದಲೇ ತಿಳಿಯಬೇಕು. ಆ ಮಳೆಗಾಲದಲ್ಲಿ ಚಿಕ್ಕಮಾರಮ್ಮನಿಗೆ ಉಸಿರು ಸಿಗದಂತಾಯಿತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಬರುತ್ತೇವೆ ಎಂದರು, ಬರಲಿಲ್ಲ. ಅಕ್ಕಪಕ್ಕದವರು ಬಾಗಿಲು ಹಾಕಿಕೊಂಡರು. ಮೇಲಿನ ಬೀದಿಯ ಲಕ್ಷ್ಮೀಕಾಂತ್ ಎನ್ನುವವರು ತೆಂಗಿನ ತೋಟ, ಕೊಬ್ಬರಿ ವ್ಯಾಪಾರ ಇರುವ ಸ್ಥಿತಿವಂತರು. ಅವರು ಮೂಗಿಗೆ ಟವೆಲು ಕಟ್ಟಿಕೊಂಡು ತಮ್ಮ ಕಾರು ತಂದು, ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿಕೊಂಡು ತುಮಕೂರಿಗೆ ಹೋದರು. ಅಲ್ಲಿ ಯಾರ್‍ಯಾರಿಗೋ ಹೇಳಿ ಬೆಡ್ ಕೊಡಿಸಿದರು. ಚಿಕ್ಕಮಾರಮ್ಮ ಉಳಿದಳು. ಸುಧಾರಿಸಿಕೊಳ್ಳಲೆಂದು ಅಮೃತೂರಿನ ಮಗಳ ಮನೆಗೆ ಹೋದಳು. ಈ ಉಪಕಾರವನ್ನು ನಾನು ಯಾವತ್ತೂ ಇಲ್ಲ ಎನ್ನುವುದಿಲ್ಲ.

ಅದೇ ವರ್ಷದ ಕೊನೆಗೆ ಪಂಚಾಯ್ತಿ ಎಲೆಕ್ಷನ್ ಬಂತು. ನಮ್ಮ ಊರಿನ ಭಾಗಕ್ಕೆ ಹೆಂಗಸರಿಗೆ ಮೀಸಲಾದ ಒಂದೇ ಸೀಟು. ಲಕ್ಷ್ಮೀಕಾಂತರು ತಮ್ಮ ಹೆಂಡತಿ ವಾಣಿಶ್ರೀಯನ್ನು ನಿಲ್ಲಿಸಿದರು. ಎದುರಿಗೆ ನಿಂತವಳು ಮಂಜುಳಮ್ಮ. ಅವಳ ಗಂಡ ಪರಮಶಿವಯ್ಯ ಗುಬ್ಬಿಯಲ್ಲಿ ಎಣ್ಣೆ ಗಾಣದ ಕೆಲಸಕ್ಕೆ ಹೋಗುತ್ತಾನೆ, ಇವಳು ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಲಾಕ್‌ಡೌನಿನಲ್ಲಿ ಉಳಿದ ಬಟ್ಟೆಯಲ್ಲೆಲ್ಲ ಮಾಸ್ಕು ಹೊಲಿದು ನಮ್ಮ ಕಾಲೋನಿಗೆ ತಂದು ಹಂಚಿದ್ದಳು. ಕಾಲೋನಿಯ ಕೆಳಗಿನ ಸಾಲಿಗೆ ನಲ್ಲಿ ಇಲ್ಲ ಎಂದು ಪಂಚಾಯ್ತಿಯವರ ಹತ್ತಿರ ಗಲಾಟೆ ಮಾಡಿದವಳೂ ಅವಳೇ. ಅವಳಿಗೆ ಸಿಕ್ಕ ಗುರುತು ಹೊಲಿಗೆ ಮಿಷನ್. ಈ ಸಲ ಇವಳೇ ಗೆಲ್ಲುತ್ತಾಳೆ ಎಂದು ನಲ್ಲಿಯ ಹತ್ತಿರ ಎಲ್ಲರೂ ಮಾತಾಡಿಕೊಳ್ಳುತ್ತಿದ್ದೆವು.

ಇನ್ನೊಬ್ಬ ಮಂಜುಳಮ್ಮ ಇದ್ದಳು. ರಾಮಾಂಜಿನಯ್ಯ ಎನ್ನುವವರ ಹೆಂಡತಿ. ಅವಳೂ ಅರ್ಜಿ ಹಾಕಿದ್ದಳು. ಗಂಡ ಗದರಿಸಿದ್ದಕ್ಕೆ ಗುರುತು ಕೊಡುವ ಮೊದಲೇ ವಾಪಸ್ ತೆಗೆದುಕೊಂಡಳು. ಅದು ಅಷ್ಟು ಸಣ್ಣ ವಿಷಯವಾಗಿತ್ತೆಂದರೆ ಊರಿನಲ್ಲಿ ಅರ್ಧ ಜನಕ್ಕೆ ಅವಳು ಅರ್ಜಿ ಹಾಕಿದ್ದೂ ಗೊತ್ತಿರಲಿಲ್ಲ.

ಮೈಕಿನ ಪ್ರಚಾರ ಮುಗಿಯುವ ಕೊನೆಯ ಸಂಜೆ. ಆಟೋ ನಿಲ್ಲಿಸಿಕೊಂಡು ಹೊನ್ನಯ್ಯ ಟೀ ಕುಡಿಯುತ್ತಿದ್ದಾಗ ಲಕ್ಷ್ಮೀಕಾಂತರು ಬಂದು ಒಂದು ಚೀಟಿ ಕೊಟ್ಟರಂತೆ. ಅವರಿಬ್ಬರ ನಡುವೆ ನಡೆದ ಮಾತನ್ನು ಅವನು ನನಗೆ ಹೇಳಿದ್ದು ಆಮೇಲೆ. ಅವನು ಹೇಳಿದ ಹಾಗೆಯೇ ಹೇಳುತ್ತೇನೆ.

"ಹೊನ್ನಯ್ಯ, ಇದೊಂದು ಕೂಗ್ಬುಡು. ಸುದ್ದಿ ಹೇಳೋ ದನೀಲಿ ಕೂಗು, ಪ್ರಚಾರದ್ದರಲ್ಲಲ್ಲ."

ಇವನು ಓದಿ ನೋಡಿ, "ಯಾವ ಮಂಜುಳಮ್ಮ ಅಣ್ಣ? ಕೋಂ ಇಲ್ವಲ್ಲ ಇದ್ರಲ್ಲಿ?" ಎಂದ.

"ವಾಪಸ್ ತಗಂಡಿರೋಳ ಹೆಸ್ರೇನು? ಮಂಜುಳಮ್ಮ ತಾನೆ? ಸುಳ್ಳೇನೈತೆ ಅದ್ರಲ್ಲಿ?"

"ಸುಳ್ಳಲ್ಲ. ಆದ್ರೆ ಇಬ್ರವ್ರೆ."

"ಇಬ್ರವ್ರೆ ಅಂತ ಜನಕ್ಕೆ ಗೊತ್ತಿಲ್ವಾ? ತಿಳ್ಕತಾರೆ ಬುಡು." ಲಕ್ಷ್ಮೀಕಾಂತರು ಅವನ ಹೆಗಲ ಮೇಲೆ ಕೈಯಿಟ್ಟರು. "ಚಿಕ್ಕಮಾರಮ್ಮ ಹೆಂಗವ್ಳೆ ಈಗ? ಮೆಟ್ಲು ಹತ್ತಿದ್ರೆ ಇನ್ನೂ ಏದುಸ್ರು ಬರ್ತೈತಾ?"

"ಆ ಮಾತು ಬಂದ್ಮೇಲೆ ನನ್ ಬಾಯಿ ಕಟ್ಟೋಯ್ತು ಅತ್ಗೆ" ಎಂದ ನನ್ನ ಹತ್ತಿರ.

ನಾನು ಆ ಸಂಜೆ ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದೆ. ಆಟೋ ಬಂತು. "ಮತದಾರ ಬಂಧುಗಳ ಗಮನಕ್ಕೆ. ಮಹಿಳಾ ಮೀಸಲು ಸ್ಥಾನಕ್ಕೆ ನಾಮಪತ್ರ ಸಲ್ಲಿಸಿದ್ದ ಮಂಜುಳಮ್ಮನವರು ತಮ್ಮ ನಾಮಪತ್ರವನ್ನು ವಾಪಸ್ ಪಡೆದಿರುತ್ತಾರೆ. ಬಂಧುಗಳು ಇದನ್ನು ಗಮನಿಸಬೇಕು." ಎಳೆತವಿಲ್ಲದ ದನಿ. ನಾನು ಮೊರವನ್ನು ಕೆಳಗಿಟ್ಟೆ. ಪಕ್ಕದ ಮನೆಗಳಿಂದಲೂ ಹೆಂಗಸರು ಹೊರಗೆ ಬಂದರು.

"ಅಯ್ಯೋ, ಹೆದರ್ಕಂಡ್ಬುಟ್ಳಾ?"

"ಹೆದರ್ಕಳಾದೆಲ್ಲಿ ಬಂತು, ಏನ್ ಇಸ್ಕಂಡ್ಳೋ ಏನೋ!"

"ಮಾಸ್ಕ್ ಹಂಚಿದ್ದೆಲ್ಲ ಇದಕ್ಕೇ ಅನ್ನು. ರೇಟ್ ಏರಿಸ್ಕಳಕ್ಕೆ."

ನಾನೂ ಅವರ ಮಾತಿಗೆ ಇಲ್ಲ ಎನ್ನಲಿಲ್ಲ. ಹೊನ್ನಯ್ಯ ಕೋಂ ಹೇಳಲಿಲ್ಲವಲ್ಲ ಎಂದು ಆ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಆಟೋ ಮಂಜುಳಮ್ಮನ ಬೀದಿಗೆ ತಿರುಗಿದಾಗ ಮೈಕು ನಿಂತಿತ್ತು. ಅದನ್ನು ಆಫ್ ಮಾಡಿಸಿದವನು ಹೊನ್ನಯ್ಯನೇ. ಅವಳು ಬಾಗಿಲಲ್ಲಿದ್ದವಳು ಇವನನ್ನು ನೋಡಿ ಕೈಯೆತ್ತಿ ನಕ್ಕಳಂತೆ. ಇವನು ಆ ಕಡೆ ಮುಖ ತಿರುಗಿಸಿದ.

ರಾತ್ರಿಯ ಹೊತ್ತಿಗೆ ಸುದ್ದಿ ಅವಳ ಕಿವಿಗೂ ಮುಟ್ಟಿತು. ಆದರೆ ಹೊತ್ತು ಮೀರಿತ್ತು. ಪ್ರಚಾರದ ಅವಧಿ ಮುಗಿದ ಮೇಲೆ ಯಾರೂ ಮೈಕು ಹಾಕುವ ಹಾಗಿಲ್ಲ. ಬೆಳಗ್ಗೆ ಎದ್ದು ಗಂಡ ಹೆಂಡತಿ ಮನೆ ಮನೆ ತಿರುಗಲು ಶುರು ಮಾಡಿದರು. ನಮ್ಮ ಮನೆಯ ಮುಂದೆಯೂ ಬಂದಳು.

"ದೊಡ್ಡವ್ವ, ಹೊನ್ನಣ್ಣ ಇದಾರಾ? ನನ್ ಜೊತೇಲಿ ಬಂದು ನಾಕು ಮನೇಲಿ ಬಾಯಲ್ಲಿ ಹೇಳಿದ್ರೆ ಸಾಕು. ವಾಪಸ್ ತಗಂಡಿರೋಳು ನಾನಲ್ಲ, ಆ ರಾಮಾಂಜಿನಯ್ಯನ ಮನೆಯೋಳು."

ಹೊನ್ನಯ್ಯ ಒಳಗೆ ಕಂಬಳಿ ಹೊದ್ದು ಮಲಗಿದ್ದ. ಬೆಳಗ್ಗೆ ನಾನು ಮುದ್ದೆ ಕೊಡಲು ಹೋದಾಗ, "ಜ್ವರ ಅತ್ಗೆ, ಹತ್ರ ಬರ್ಬೇಡ" ಎಂದಿದ್ದ. ಆ ವರ್ಷ ಜ್ವರ ಎಂದರೆ ಮುಗಿಯಿತು, ಹೊಸಿಲು ದಾಟಿ ಯಾರೂ ಬರುತ್ತಿರಲಿಲ್ಲ.

"ಜ್ವರ ಬಂದು ಮಲಗವ್ನೆ ಕಣವ್ವ" ಎಂದೆ.

ಮಂಜುಳಮ್ಮ ಎರಡು ಹೆಜ್ಜೆ ಹಿಂದೆ ಸರಿದು ಮಾಸ್ಕು ಮೇಲಕ್ಕೆ ಎಳೆದುಕೊಂಡಳು. "ಹಂಗಾದ್ರೆ ಬೇಡ ಬುಡಿ. ನೀವಾದ್ರೂ ನಂಬಿ ದೊಡ್ಡವ್ವ. ನಾನು ಇದೀನಿ, ಹೊಲಿಗೆ ಮಿಷನ್" ಎಂದು ಮುಂದಿನ ಮನೆಗೆ ಹೋದಳು. ಅಲ್ಲಿ ಏನು ಉತ್ತರ ಸಿಕ್ಕಿತೋ ನನಗೂ ಕೇಳಿಸಿತು. "ಹೊನ್ನಯ್ಯನೇ ಕೂಗಿದ್ನಲ್ಲಮ್ಮ. ಇಸ್ಕಂಡ್ಮೇಲೆ ಈಗ ಮನಸ್ಸು ತಿರುಗ್ತಾ?"

ಓಟಿನ ದಿನ ಮಾಸ್ಕು ಹಾಕಿಕೊಂಡು ಸ್ಕೂಲಿಗೆ ಹೋದೆ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ಕೂಡಿಸಿಕೊಂಡು ಓಟಿನ ಕಾಗದವನ್ನು ನಿಧಾನವಾಗಿ ಓದಿದೆ. ಮಂಜುಳಮ್ಮನ ಹೆಸರು ಇತ್ತು. ಹೊಲಿಗೆ ಮಿಷನ್ನೂ ಇತ್ತು. ಸೀಲು ಹಿಡಿದ ಕೈ ಅದರ ಮೇಲೆಯೇ ನಿಂತಿತ್ತು. ಆಗ ನನಗೆ ಬಂದ ಯೋಚನೆ ಇದು: ಕಾಗದ ಮೊದಲೇ ಅಚ್ಚಾಗಿರುತ್ತದೆ, ಅವಳು ಆಮೇಲೆ ಬಿಟ್ಟಿರುತ್ತಾಳೆ, ಇಲ್ಲದಿದ್ದರೆ ನಮ್ಮ ಹೊನ್ನ ಯಾಕೆ ಹಾಗೆ ಕೂಗುತ್ತಾನೆ, ಇದಕ್ಕೆ ಒತ್ತಿದರೆ ಓಟು ದಂಡ. ಅವಳು ನನ್ನ ಬಾಗಿಲಲ್ಲಿ ನಿಂತು ನನ್ನ ಕಣ್ಣು ನೋಡಿ ಹೇಳಿದ್ದಳು. ಆದರೂ ನನಗೆ ಮೈಕಿನ ಮಾತೇ ಹೆಚ್ಚಾಯಿತು. ಕೈಯನ್ನು ಪಕ್ಕಕ್ಕೆ ಸರಿಸಿ ವಾಣಿಶ್ರೀಯ ಗುರುತಿಗೆ ಒತ್ತಿ ಬಂದೆ.

ಅವತ್ತು ಸಂಜೆ ಹೊನ್ನಯ್ಯ ಬೆಳಗಿನ ಅನ್ನವನ್ನೂ ಮುಟ್ಟಿರಲಿಲ್ಲ. ಬಂದದ್ದು ಬರಲಿ ಎಂದು ಒಳಗೆ ಹೋಗಿ ಹಣೆ ಮುಟ್ಟಿದೆ. ಹಣೆ ತಣ್ಣಗಿತ್ತು. ಕುತ್ತಿಗೆ ಮುಟ್ಟಿದೆ, ಅದೂ ತಣ್ಣಗಿತ್ತು. ಅವನು ಕಣ್ಣು ಬಿಟ್ಟು ನನ್ನನ್ನು ನೋಡಿ ಗೋಡೆಯ ಕಡೆ ಹೊರಳಿಕೊಂಡ.

"ಯಾಕ್ಲಾ?" ಎಂದೆ.

ಆಗ ಹೇಳಿದ. ಟೀ ಅಂಗಡಿಯ ಮುಂದಿನ ಮಾತು, ಕೋಂ ಇಲ್ಲದ ಚೀಟಿ, ಅವಳ ಬೀದಿಯಲ್ಲಿ ಆಫ್ ಮಾಡಿಸಿದ ಮೈಕು, ಎಲ್ಲ ಗೋಡೆಗೆ ಹೇಳಿದ. ನಾನು ಅವನನ್ನು ಬೈಯಬೇಕೆಂದು ಬಾಯಿ ತೆರೆದೆ. ನನ್ನ ಬೆರಳಿನ ಮಸಿ ಕಾಣಿಸಿತು, ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

ಗುಬ್ಬಿಯಲ್ಲಿ ಎಣಿಕೆ ಆಯಿತು. ಮಂಜುಳಮ್ಮ ಸೋತಳು, ಸ್ವಲ್ಪದರಲ್ಲಿ. ಅವಳ ಬೀದಿಯ ಓಟು ಒಂದೂ ಆಚೀಚೆ ಹೋಗಿಲ್ಲ, ಹೋದದ್ದೆಲ್ಲ ಹೊನ್ನಯ್ಯನ ಮೈಕು ಕೇಳಿದ ಬೀದಿಗಳದ್ದು ಎಂದು ಜನ ಲೆಕ್ಕ ಹಾಕಿದರು. ಪೆಟ್ಟಿಗೆಯಲ್ಲಿದ್ದದ್ದು ಅವರಿಗೆ ಹೇಗೆ ಗೊತ್ತಾಯಿತೋ ನಾನು ಕಾಣೆ. ಲಕ್ಷ್ಮೀಕಾಂತರ ಮನೆಯವರು ಪಟಾಕಿ ಹೊಡೆದರು. ಕೂಗಲು ಹೊನ್ನಯ್ಯನಿಗೆ ಹೇಳಿಕಳಿಸಿದರೆ ಅವನು ಹೋಗಲಿಲ್ಲ.

ಅಷ್ಟರಲ್ಲಿ ಚಿಕ್ಕಮಾರಮ್ಮ ಅಮೃತೂರಿನಿಂದ ಬಂದಳು. ಅವಳಿಗೆ ನಾನೇ ಎಲ್ಲ ಹೇಳಿದೆ, ನನ್ನ ಓಟಿನ ವಿಷಯವನ್ನೂ. ಕೇಳಿ ಸೆರಗನ್ನು ಬಾಯಿಗಿಟ್ಟುಕೊಂಡಳು. ಆಮೇಲೆ ಗಂಡನ ಮುಂದೆ ಹೋಗಿ ನಿಂತಳು.

"ನನ್ ಉಸ್ರು ಉಳಿಸಿದ್ದಕ್ಕೆ ಆ ಹೆಣ್ಮಗಳ ಮಾನ ಕೊಟ್ಬಂದ್ಯಾ? ನನ್ನ ಒಂದ್ಮಾತು ಕೇಳಿದ್ಯಾ? ಹೋಗು, ಅವಳ ಮನೇಗ್ ಹೋಗು. ಅತ್ಗೆಮ್ಮನ್ನೂ ಕರ್ಕಂಡ್ ಹೋಗು, ಅವ್ರೂ ಓಟಾಕಿ ಬಂದವ್ರಲ್ಲ."

ನಾವಿಬ್ಬರೂ ಹೋದೆವು. ಮಂಜುಳಮ್ಮ ಹೊಲಿಯುತ್ತಿದ್ದಳು. ಕಾಲು ನಿಲ್ಲಿಸಲಿಲ್ಲ.

"ಕೂತ್ಕಳಿ ಹೊನ್ನಣ್ಣ. ಜ್ವರ ಬುಡ್ತಾ?"

"ಜ್ವರ ಇರ್ಲಿಲ್ಲ ಕಣವ್ವ."

"ಅದೂ ಗೊತ್ತಾಯ್ತು." ದಾರ ಕತ್ತರಿಸಿ ಬಟ್ಟೆ ತಿರುಗಿಸಿಕೊಂಡಳು. "ಎಲೆಕ್ಷನ್ ಆಫೀಸರ ಹತ್ರ ಹೋಗಿದ್ದೆ. ಏನ್ ಕೂಗಿದ್ರು ಹೇಳಮ್ಮ ಅಂದ್ರು. ಹೇಳ್ದೆ. ಇದ್ರಲ್ಲಿ ಸುಳ್ಳು ಯಾವ್ದು ಅಂದ್ರು. ಹುಡುಕ್ದೆ ಹೊನ್ನಣ್ಣ, ನಂಗೂ ಸಿಗ್ಲಿಲ್ಲ."

ಹೊನ್ನಯ್ಯ ಕೈಮುಗಿಯಲು ಹೋದ. ಅವಳು ತಲೆಯಾಡಿಸಿದಳು.

"ಸೋತಿದ್ದು ಹೋಗ್ಲಿ. ದುಡ್ಡು ಇಸ್ಕಂಡ್ಳು ಅಂತಾರಲ್ಲ, ಅದನ್ನ ಎಲ್ಲಿ ತೊಳ್ಕಳ್ಲಿ? ಅಂಗ್ಡೀಲಿ ಬೇಳೆ ತಗಂಡ್ರೆ, ಈಗ ನಿಮ್ಗೇನಮ್ಮ ಅಂತ ನಗ್ತಾರೆ. ನೀವು ನನ್ ಕೈಕಾಲು ಹಿಡೀಬೇಡಿ. ಊರಿಗೆಲ್ಲ ಕೂಗಿದ್ದು, ಊರಿಗೆಲ್ಲ ಕೂಗಿ."

ಆಮೇಲೆ ನನ್ನ ಕಡೆ ತಿರುಗಿದಳು. "ದೊಡ್ಡವ್ವ, ನಿಮ್ ಮನೆಗೆ ನಾನೇ ಬಂದು ಹೇಳಿದ್ನಲ್ವಾ?"

ಕೋಪ ಇರಲಿಲ್ಲ ಅವಳ ದನಿಯಲ್ಲಿ. ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿದಳು. ನಾನು ನನ್ನ ಸೆರಗಿನ ಅಂಚು ನೋಡಿಕೊಂಡು ಕೂತೆ. ಆ ಮನೆಯ ನೆಲದಲ್ಲಿ ಬಣ್ಣ ಬಣ್ಣದ ಬಟ್ಟೆಯ ಚೂರುಗಳಿದ್ದವು. ಅವು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ, ಯಾಕೆಂದರೆ ಅವಳ ಮುಖ ನಾನು ನೋಡಲೇ ಇಲ್ಲ.

ಮಾರನೆಯ ದಿನ ಹೊನ್ನಯ್ಯ ಗುಬ್ಬಿಗೆ ಹೋಗಿ ಮೈಕಿನ ಸೆಟ್ಟು ಕೇಳಿದ. ಅಂಗಡಿಯ ಹಳೆಯ ಸಾಹುಕಾರರು ಹೋಗಿ ಈಗ ಅವರ ಮಗ ರವಿಕಿರಣ್ ಕೂರುತ್ತಾನೆ. "ಲಕ್ಷ್ಮೀಕಾಂತಣ್ಣ ನಮ್ ಕಸ್ಟಮರ್ರು, ಅವರ ಮೇಲೆ ಕೂಗಕ್ಕೆ ನನ್ ಸೆಟ್ಟು ಕೊಡಲ್ಲ ಹೊನ್ನಯ್ಯ" ಎಂದ. ಖಾಲಿ ಕೈಯಲ್ಲಿ ಬಂದ.

ಮೈಕಿಲ್ಲದೆಯೇ ಹೊರಟ. ಚಿಕ್ಕಮಾರಮ್ಮ, ನಾನು ಹಿಂದೆ ಹೋದೆವು. ಅವನ ಬರಿ ಗಂಟಲನ್ನು ಬೀದಿಯಲ್ಲಿ ನಾನು ಕೇಳಿದ್ದು ಅದೇ ಮೊದಲು. ವಯಸ್ಸಾದ, ಒಡೆದ ಗಂಟಲು. ಅಂಗಡಿಯ ಮುಂದೆ ಕೂತ ಹುಡುಗರು ಬಿಡಲಿಲ್ಲ.

"ಏನ್ ಹೊನ್ನಯ್ಯಣ್ಣ, ಬ್ಯಾಟ್ರಿ ಡೌನಾ?"

"ನಿಮ್ಮಪ್ಪನ ತಮಟೆ ಐತಲ್ಲ, ತಗಂಡ್ ಬರ್ಬೇಕಾಗಿತ್ತು!"

ಅವನ ಮುಖ ಕಪ್ಪಾಯಿತು. ತಮಟೆ ಬೇಡವೆಂದು ಮನೆ ಬಿಟ್ಟು ಹೋದವನು. ಆದರೂ ನಿಂತ. "ನಾನು ಅವತ್ತು ಸಾರಿದ್ದು ಮಂಜುಳಮ್ಮ ಕೋಂ ರಾಮಾಂಜಿನಯ್ಯನೋರ ಸುದ್ದಿ. ಮಂಜುಳಮ್ಮ ಕೋಂ ಪರಮಶಿವಯ್ಯನೋರು ಕಣದಲ್ಲೇ ಇದ್ರು, ಯಾರತ್ರಾನೂ ಒಂದ್ ಕಾಸು ಇಸ್ಕಂಡಿಲ್ಲ. ಕೋಂ ಬಿಟ್ಟು ಸಾರಿದ್ದು ನಾನು. ಮರ್ತು ಬುಟ್ಟಿದ್ದಲ್ಲ, ಗೊತ್ತಿದ್ದೇ ಬುಟ್ಟೆ."

ಬೀದಿ ಬೀದಿಯಲ್ಲಿ ಇದನ್ನೇ ಹೇಳಿದ. ಕೆಲವರು ಬಾಗಿಲಿಗೆ ಬಂದರು, ಕೆಲವರು ಬಂದು ನೋಡಿ ಒಳಗೆ ಹೋದರು. ಒಬ್ಬಾಕೆ, "ಆಗೋಯ್ತಲ್ಲ, ಈಗ್ಯಾಕೆ ಬುಡು ಹೊನ್ನಯ್ಯ" ಎಂದಳು. ಹೀಗೆಂದವಳೇ ಅವತ್ತು ಸಂಜೆ ಬಾಗಿಲಿಗೆ ಬಂದು ರೇಟಿನ ಮಾತಾಡಿದ್ದವಳು. ನನ್ನ ಕಣ್ಣಿಗೆ ಅವಳ ಕಣ್ಣು ಸೇರಲಿಲ್ಲ, ನನ್ನದೂ ಅವಳಿಗೆ ಸೇರಲಿಲ್ಲ.

ಲಕ್ಷ್ಮೀಕಾಂತರ ಮನೆಯ ಮುಂದೆ ಬಂದಾಗ ಅವರು ವರಾಂಡದಿಂದ ಇಳಿದು ಬಂದರು.

"ಕೂಗು ಹೊನ್ನಯ್ಯ, ಚೆನ್ನಾಗಿ ಕೂಗು. ಹಂಗೇ, ಅವತ್ತು ನಿನ್ ಹೆಂಡ್ತೀನ ಕಾರಲ್ಲಿ ಹಾಕ್ಕಂಡ್ ಹ್ವಾದೋರು ಯಾರು ಅಂತಾನೂ ಒಂದ್ ಸಲ ಕೂಗ್ಬುಡು."

ಚಿಕ್ಕಮಾರಮ್ಮ ಏದುಸಿರು ಬಿಡುತ್ತಾ ಗೋಡೆ ಹಿಡಿದುಕೊಂಡಳು. ಹೊನ್ನಯ್ಯ ಅವಳ ಕಡೆ ಒಮ್ಮೆ ನೋಡಿದ. ಆಮೇಲೆ ಅದನ್ನೂ ಕೂಗಿದ, ಅದೇ ದನಿಯಲ್ಲಿ. "ಎಲ್ರೂ ಬಾಗ್ಲಾಕ್ಕಂಡಾಗ ನನ್ ಹೆಂಡ್ತಿ ಜೀವ ಉಳಿಸ್ದೋರು ಲಕ್ಷ್ಮೀಕಾಂತಣ್ಣನೋರು. ಅದೂ ನಿಜ. ಕೋಂ ಇಲ್ದಿರೋ ಚೀಟಿ ಕೊಟ್ಟೋರೂ ಅವ್ರೇ. ಇದೂ ನಿಜ. ಅದನ್ನ ಓದ್ದೋನು ನಾನು."

ಲಕ್ಷ್ಮೀಕಾಂತರು ಬೆನ್ನು ತಿರುಗಿಸಿ ಒಳಗೆ ಹೋದರು. ವಾಣಿಶ್ರೀ ಕಿಟಕಿಯಲ್ಲಿ ನಿಂತಿದ್ದಳು. ಅವಳು ಗೆದ್ದವಳ ಹಾಗೆ ಕಾಣಲಿಲ್ಲ.

ಇಷ್ಟರಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಸೀಟು ಹೋದದ್ದು ಹೋಯಿತು. ಕಾಲೋನಿಯ ಕೆಳಸಾಲಿಗೆ ನಲ್ಲಿ ಬರಲು ವರ್ಷಗಳೇ ಹಿಡಿದವು. ಅಂಗಡಿಯಲ್ಲಿ ಮಂಜುಳಮ್ಮನನ್ನು ನೋಡಿ ನಗುವುದು ನಿಂತಿತು, ಅಷ್ಟೇ. ಯಾರೂ ಅವಳ ಮನೆಗೆ ಹೋಗಿ ತಪ್ಪಾಯಿತು ಎನ್ನಲಿಲ್ಲ. ರವಿಕೆ ಹೊಲಿಸಲು ಹೋದರು, ಅಳತೆ ಕೊಟ್ಟು ಬಂದರು.

ಹೊನ್ನಯ್ಯ ಎಲೆಕ್ಷನ್ನಿಗೆ ಕೂಗುವುದನ್ನು ಬಿಟ್ಟ. ಸಾವು, ರೇಷನ್ನು, ದನದ ಲಸಿಕೆ ಇವಕ್ಕೆ ಮಾತ್ರ ಹೋಗುತ್ತಾನೆ. ರವಿಕಿರಣ್ ಮುನಿಸು ಮರೆತು ಸೆಟ್ಟು ಕೊಡುತ್ತಾನೆ. ಆದರೆ ಸುದ್ದಿಯ ದನಿಗೆ ಮೊದಲಿನ ಹಾಗೆ ಜನ ಬಾಗಿಲಿಗೆ ಬಂದು ತಲೆಯಾಡಿಸಿ ಒಳಗೆ ಹೋಗುವುದಿಲ್ಲ. ಕಾಲುಬಾಯಿ ಜ್ವರದ ಲಸಿಕೆ ಹಾಕುತ್ತಾರೆ, ದನಗಳನ್ನು ಸ್ಕೂಲಿನ ಮೈದಾನಕ್ಕೆ ಹೊಡೆದುಕೊಂಡು ಬನ್ನಿ ಎಂದು ಅವನು ಮೊದಲ ಸಲ ಕೂಗಿದಾಗ, ಒಂದು ಹಸುವೂ ಹಟ್ಟಿಯಿಂದ ಹೊರಡಲಿಲ್ಲ. "ನಿಜವಾ?" ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಅವನಿಗೆ ಕೇಳಿಸುವ ಹಾಗೆಯೇ ಕೇಳಿದರು.

ಮಂಜುಳಮ್ಮ ಅಲ್ಲೇ ಅವನ ಎದುರಿಗೇ ಫೋನ್ ತೆಗೆದು ದನದ ಡಾಕ್ಟರಿಗೆ ಕರೆ ಮಾಡಿದಳು. ಮಾತು ಮುಗಿಸಿ, "ಹೌದಂತೆ" ಎಂದಳು. ಆಮೇಲೆ ಇವನ ಕಡೆ ನೋಡಿ, "ಬೇಜಾರ್ ಮಾಡ್ಕಬೇಡಿ ಹೊನ್ನಣ್ಣ" ಎಂದಳು.

"ಇಲ್ಲ ಕಣವ್ವ, ಕೇಳು. ಕೇಳೇ ತಿಳ್ಕಳಿ ಎಲ್ರೂವೆ" ಎಂದ. ಮಾತು ಸರಿಯಾಗಿಯೇ ಬಂತು. ಕಿವಿ ಮಾತ್ರ ಕೆಂಪಗಾಗಿತ್ತು.

ಈಗ ಅದೇ ಕ್ರಮವಾಗಿಬಿಟ್ಟಿದೆ. ಒಂದು ಬೀದಿಯಲ್ಲಿ ಸುದ್ದಿ ಹೇಳಿ ಮುಗಿಸಿದರೆ ಅವನು ಆಟೋವನ್ನು ಮುಂದೆ ಬಿಡಿಸುವುದಿಲ್ಲ. ಮೈಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾನೆ. ಯಾರಾದರೊಬ್ಬರು ಫೋನ್ ಮಾಡಿಯೋ, ಹೋಗಿ ನೋಡಿಯೋ ವಿಚಾರಿಸಿಕೊಂಡು ಬಂದು ಹೌದು ಎನ್ನಬೇಕು, ಆಮೇಲೆ ಡ್ರೈವರಿಗೆ ಕೈ ಮಾಡುತ್ತಾನೆ. ಅಷ್ಟು ಹೊತ್ತೂ ಯಾರ ಮುಖವನ್ನೂ ನೋಡುವುದಿಲ್ಲ. ಮತ್ತೆ ಪಂಚಾಯ್ತಿ ಎಲೆಕ್ಷನ್ ಹತ್ತಿರ ಬಂತು ಎನ್ನುತ್ತಿದ್ದಾರೆ. ಮಂಜುಳಮ್ಮ ನಿಲ್ಲುತ್ತಾಳೋ ಇಲ್ಲವೋ ಎಂದು ನಲ್ಲಿಯ ಹತ್ತಿರ ಮಾತು ಶುರುವಾಗಿದೆ. ಅವಳ ಮನೆ ಇಲ್ಲಿಗೆ ಎರಡು ಬೀದಿ. ನಾಳೆ ನಾನೇ ಹೋಗಿ ಅವಳ ಬಾಯಿಂದ ಕೇಳಿಕೊಂಡು ಬರುತ್ತೇನೆ. ಹೋದರೆ ಈ ಸಲ ಅವಳ ಮುಖ ನೋಡಿ ಕೇಳಬೇಕು.